ಮನೆಯ ದಾರಿ ಮಗುವಿಗೆ ಕ್ಷೇಮವೇ?



ಹೆರೋದನು ಸತ್ತ ಮೇಲೆ ಸಂತ ಜೋಸೆಫರು ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿನಿಂದ ಹೊರಟರು. ಆದರೆ ಯೂದಾಯದಲ್ಲಿ ಹೆರೋದನ ಮಗನೇ ಆಳುತ್ತಿದ್ದಾನೆಂದು ಕೇಳಿ ಅಲ್ಲಿಗೆ ಹೋಗಲು ಅಂಜಿದರು. ಕನಸಿನಲ್ಲಿ ದೇವರು ಎಚ್ಚರಿಸಿದಂತೆ ಗಲಿಲೇಯದ ಕಡೆಗೆ ತಿರುಗಿ ನಜರೇತಿನಲ್ಲಿ ನೆಲೆಸಿದರು. ಸಂತ ಮತ್ತಾಯರ ಶುಭಸಂದೇಶದ ಎರಡನೇ ಅಧ್ಯಾಯವನ್ನು ಮತ್ತೊಮ್ಮೆ ಓದಿರಿ. ಸ್ವಂತ ನಾಡಿಗೆ ಮರಳುವ ಆತುರ ಜೋಸೆಫರಿಗೂ ಇದ್ದಿರಬೇಕು. ಆದರೂ ಆ ದಾರಿ ಮಗುವಿಗೆ ಕ್ಷೇಮವೇ ಎಂದು ಅವರು ಮೊದಲು ನೋಡಿದರು.

ನಮ್ಮ ಬನಹಟ್ಟಿ ಮಗ್ಗದ ಊರು. ಸುತ್ತಲಿನ ಜಮಖಂಡಿ, ಮುಧೋಳಗಳಲ್ಲಿ ಕಬ್ಬಿನ ಸುಗ್ಗಿ ಬಂದರೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವವರು ಮಕ್ಕಳು ಮರಿ ಸಮೇತ ಬರುತ್ತಾರೆ. ನಮ್ಮವರೂ ದುಡಿಮೆಗಾಗಿ ಗೋವೆಗೆ, ಇಚಲಕರಂಜಿಗೆ ಹೋಗುತ್ತಾರೆ. ಈ ಅಲೆದಾಟದಲ್ಲಿ ಒಬ್ಬ ಹುಡುಗ ಬೈಗುಳಕ್ಕೆ ಸಿಟ್ಟಾಗಿ ಕುಡಚಿಯಲ್ಲಿ ರೈಲು ಹತ್ತಿದರೆ ಸಾಕು, ಬೆಳಗಾಗುವಷ್ಟರಲ್ಲಿ ಭಾಷೆ ತಿಳಿಯದ ಊರಿನಲ್ಲಿರುತ್ತಾನೆ. ಹಾಗೆಯೇ ಬೇರೆ ಊರಿನ ಹುಡುಗನೊಬ್ಬ ನಮ್ಮ ಬಸ್ ನಿಲ್ದಾಣದಲ್ಲಿ ಅಳುತ್ತಾ ಕುಳಿತಿದ್ದರೆ ನೀವೇನು ಮಾಡುವಿರಿ?

ಕನಿಕರಪಟ್ಟು ಊಟ ಹಾಕಿ, ಕೈಯಲ್ಲಿ ಹಣವಿಟ್ಟು, ಕಂಡಕ್ಟರರಿಗೆ ಹೇಳಿ ಬಸ್ಸು ಹತ್ತಿಸುವಿರಾ? ಅಥವಾ ಮಗ್ಗದ ಕೆಲಸಕ್ಕಾಗುತ್ತಾನೆಂದು ಇಟ್ಟುಕೊಳ್ಳುವಿರಾ? ಮೊದಲನೆಯದು ಅಪಾಯ, ಎರಡನೆಯದು ಪಾಪ. ಅವನು ಮನೆ ಬಿಟ್ಟದ್ದು ಯಾರ ಹೊಡೆತಕ್ಕೆ ಹೆದರಿಯೋ, ಯಾರ ಸಾಲಕ್ಕೆ ಒತ್ತೆಯಾಗಿಯೋ ನಮಗೆ ತಿಳಿಯದು.

ನಮ್ಮ ದೇಶದ 2015ರ ಬಾಲ ನ್ಯಾಯ ಕಾಯ್ದೆ ಜೋಸೆಫರಂತೆಯೇ ಮೊದಲು ವಿಚಾರಿಸುತ್ತದೆ. ಇಂಥ ಮಗುವನ್ನು ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮಗುವಿನ ಮಾತು ಕೇಳಿ, ಮನೆಯ ಸ್ಥಿತಿಗತಿ ವಿಚಾರಿಸಿ, ಕ್ಷೇಮವೆಂದು ಕಂಡರೆ ತಂದೆತಾಯಿಗಳಿಗೆ ಒಪ್ಪಿಸುತ್ತದೆ. ಮಗು ಬೇರೆ ಜಿಲ್ಲೆಯದಾದರೆ ಕಾಗದಪತ್ರಗಳೊಡನೆ ಅಲ್ಲಿನ ಸಮಿತಿಗೆ ಕಳುಹಿಸಿಕೊಡುತ್ತದೆ. ಇದು ಶಿಕ್ಷೆ ಕೊಡುವ ಸ್ಥಳವಲ್ಲ. ವಕೀಲರು ಬೇಕಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಕ್ಕಳಿಗೂ ಹೆಂಗಸರಿಗೂ ಆ ನೆರವು ಉಚಿತ. ಅವರ ಆದಾಯವೆಷ್ಟೆಂದು ಕೇಳುವುದಿಲ್ಲ. ಮಗನನ್ನು ಹುಡುಕುವ ಬಡ ತಾಯಿ ಕೋರ್ಟಿಗೆ ಅಂಜಬೇಕಾಗಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ: ಮಗುವಿನ ಬಳಿ ಕುಳಿತು 1098ಕ್ಕೆ ಫೋನು ಮಾಡಿರಿ. ಯಾರಾದರೂ ಬರುವವರೆಗೆ ಬಿಟ್ಟುಹೋಗಬೇಡಿರಿ. ದುಡಿಯಲು ಹೊರಡುವ ಮನೆಯವರಿಗೆ ಮಕ್ಕಳ ಜನನ ಪತ್ರದ ಪ್ರತಿ ಜೊತೆಯಲ್ಲಿಟ್ಟುಕೊಳ್ಳಲು ಹೇಳಿರಿ. ಚಿಕ್ಕವರಿಗೆ ತಂದೆಯ ಹೆಸರು, ಊರು, ತಾಲೂಕು, ಒಂದು ಫೋನು ನಂಬರು ಬಾಯಿಪಾಠ ಮಾಡಿಸಿರಿ.

ಜಗದ್ಗುರು ಹನ್ನೆರಡನೇ ಪಿಯುಸರು 1952ರಲ್ಲಿ ವಲಸೆಗಾರರ ಕುರಿತು ಬರೆದಾಗ ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವನ್ನೇ ಮಾದರಿಯಾಗಿ ತೋರಿಸಿದರು. ಜಗದ್ಗುರು ಫ್ರಾನ್ಸಿಸರು 2017ರ ವಲಸೆಗಾರರ ದಿನದ ಸಂದೇಶವನ್ನು ವಲಸೆಯ ಮಕ್ಕಳಿಗೇ ಮೀಸಲಿಟ್ಟರು. ಕೊಟ್ಟಿಗೆಯ ಬಾಲ ಯೇಸುವಿಗೆ ಮೊಣಕಾಲೂರುವ ನಾವು ಬಸ್ ನಿಲ್ದಾಣದ ಬಾಲಕನನ್ನು ದಾಟಿ ಹೋಗಲಾದೀತೇ?

ಸಂತ ಜೋಸೆಫರೇ, ದಾರಿ ತಪ್ಪಿದ ಪ್ರತಿ ಮಗುವಿಗೂ ಕಾವಲಾಗಿರಿ. ನಮ್ಮ ಕೈಯನ್ನು ಆ ಕಾವಲಿಗೆ ಬಳಸಿರಿ. ಆಮೆನ್.