ಬೇಡ ಎನ್ನಲಾಗದ ಕಡೆ ದಾನವಿದೆಯೇ?



ಸ್ವಾಮಿಗಳೇ, ವೃಶ್ಚಿಕ ಮಾಸ ಬಂತೆಂದರೆ ನಮ್ಮಲ್ಲಿ ಎರಡು ವಸ್ತುಗಳು ಹೊರಬರುತ್ತವೆ. ಒಂದು ಮಾಲೆ, ಅದು ಕೊರಳಿಗೆ. ಇನ್ನೊಂದು ರಸೀದಿ ಪುಸ್ತಕ, ಅದು ಸಾಮಾನ್ಯವಾಗಿ ತಂಡದ ಹುಡುಗರ ಕೈಗೆ. ಮುಂಬಯಿ, ಪುಣೆಯಲ್ಲಿ ಅದನ್ನು ವರ್ಗಣಿ ಎತ್ತುವುದು ಎನ್ನುತ್ತಾರೆ, ಹೈದರಾಬಾದು, ದಿಲ್ಲಿ ಕಡೆ ಚಂದಾ. ಮಾಲೆ ಹಾಕುವ ವಿಧಿಯನ್ನು ಗುರುಸ್ವಾಮಿಗಳು ಕೂರಿಸಿಕೊಂಡು ಹೇಳಿಕೊಡುತ್ತಾರೆ. ರಸೀದಿ ಪುಸ್ತಕ ಹಿಡಿಯುವ ವಿಧಿಯನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಈ ವಾರ ಅದರ ಬಗ್ಗೆ ಸ್ವಲ್ಪ ಯೋಚಿಸೋಣ.

ಈಗ ನಮ್ಮ ಸುತ್ತು ಪೂಜೆ, ಅನ್ನದಾನಕ್ಕೆ ಮಾತ್ರ ಸೀಮಿತವಾಗಿಲ್ಲ. ಎಷ್ಟೋ ತಂಡಗಳು ಅದೇ ಹಣದಲ್ಲಿ ಹೋಟೆಲ್ ಕಾರ್ಮಿಕರ ಮಕ್ಕಳ ಶಾಲಾ ಫೀಸು ಕಟ್ಟುತ್ತವೆ, ನೋಟ್‌ಬುಕ್ ಕೊಡಿಸುತ್ತವೆ, ಕಿಡ್ನಿ ತೊಂದರೆಯವರ ಡಯಾಲಿಸಿಸ್‌ಗೆ ನೆರವಾಗುತ್ತವೆ. ಈ ಹಣ ಬರುವುದು ದೊಡ್ಡ ಕಂಪನಿಗಳಿಂದಲ್ಲ. ಕಿರಾಣಿ ಅಂಗಡಿ, ದರ್ಜಿ, ಹೂವಿನವರು, ಮೊಬೈಲ್ ರಿಪೇರಿಯವರು, ಸಣ್ಣ ಹೋಟೆಲಿನವರು, ಇವರಿಂದ. ಇದು ಹಳೆಯ ದಾರಿ. ಕಳೆದ ಶತಮಾನದಲ್ಲಿ ತುಳುನಾಡಿನಿಂದ ಮುಂಬಯಿಗೆ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು. ಆ ಶಾಲೆಗಳ ಬೆನ್ನಿಗೆ ನಿಂತವರಲ್ಲಿ ಊರಿನವರೇ ಆದ ಹೋಟೆಲಿನವರೂ ಸಣ್ಣ ವ್ಯಾಪಾರಿಗಳೂ ಇದ್ದರು.

ಹಾಗಾದರೆ ಪ್ರಶ್ನೆ ಇದು: ಆ ಅಂಗಡಿಯವರು ಕೊಡುವ 501 ರೂಪಾಯಿ ಯಾವಾಗ ದಾನವಾಗುತ್ತದೆ? ಯಾವಾಗ ಬರೀ ವಸೂಲಿಯಾಗುತ್ತದೆ?

ಮೊದಲು ಆ 501ರ ತೂಕ ನೋಡೋಣ. ಒಂದು ಸಣ್ಣ ಕಿರಾಣಿ ಅಂಗಡಿಗೆ ಎಲ್ಲ ಖರ್ಚು ಕಳೆದು ದಿನಕ್ಕೆ 600 ರೂಪಾಯಿ ಉಳಿಯುತ್ತದೆ ಎಂದು ಲೆಕ್ಕಕ್ಕೆ ಹಿಡಿಯಿರಿ. ವರ್ಷಕ್ಕೆ 300 ದಿನ ವ್ಯಾಪಾರವೆಂದರೆ 1,80,000 ರೂಪಾಯಿ. ಗಣೇಶೋತ್ಸವಕ್ಕೆ 1,001, ನವರಾತ್ರಿಗೆ 1,001, ದಹಿ ಹಂಡಿಗೆ 1,001, ಕೊನೆಗೆ ನಮಗೆ 501. ಒಟ್ಟು 3,504. ಅಂದರೆ ವರ್ಷದ ಉಳಿತಾಯದ ಸುಮಾರು ಶೇ. 2. ಈಗ ಇನ್ನೊಂದು ಕಡೆ ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಕಲಮು ನಿವ್ವಳ ಲಾಭ 5 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎನ್ನುತ್ತದೆ. ಕೋಟಿಗಳವರಿಂದ ಕಾನೂನು ಎಷ್ಟನ್ನು ಕೇಳುತ್ತದೋ, ಸುಮಾರು ಅಷ್ಟೇ ಪಾಲನ್ನು ಈ ಅಂಗಡಿಯವರು ಯಾವ ಕಾನೂನೂ ಇಲ್ಲದೆ ಕೊಡುತ್ತಿದ್ದಾರೆ. ನಮಗೆ 501 ಎಂದರೆ ರಸೀದಿಯ ಒಂದು ಹಾಳೆ. ಅವರಿಗೆ ಅದು ಹೆಚ್ಚುಕಡಿಮೆ ಒಂದು ದಿನದ ದುಡಿಮೆ.

ಎರಡನೆಯದಾಗಿ, ಕೇಳುವವರು ಯಾರು ಎಂಬುದನ್ನು ನೋಡಬೇಕು. ಸಾಮಾನ್ಯ ದಿನದಲ್ಲಿ ನೀವು ಅಂಗಡಿಗೆ ಹೋದರೆ ನೀವೊಬ್ಬ ಗಿರಾಕಿ. ಮಾಲೆ ಹಾಕಿ, ಕಪ್ಪು ಪಂಚೆ ಉಟ್ಟು ಹೋದರೆ ನೀವು ಸ್ವಾಮಿ. ಅಪ್ಪನ ವಯಸ್ಸಿನವರು ಗಲ್ಲೆಯಿಂದ ಎದ್ದು ನಿಂತು, "ಬನ್ನಿ ಸ್ವಾಮಿ, ಕೂತ್ಕೊಳ್ಳಿ" ಎನ್ನುತ್ತಾರೆ. ಆ ಗೌರವ ನಿಮ್ಮ ಕೊರಳಲ್ಲಿರುವ ಮಾಲೆಗೆ ಸಲ್ಲುವಂಥದ್ದು. ಅದೇ ಮಾಲೆ ಹಾಕಿ ಏಳು ಜನ ಅಂಗಡಿ ಮುಂದೆ ನಿಂತು ರಸೀದಿ ಪುಸ್ತಕ ತೆರೆದರೆ, ಇಲ್ಲ ಎನ್ನುವುದಕ್ಕೆ ಅವರಿಗೆ ಎಷ್ಟು ಧೈರ್ಯ ಬೇಕು ಯೋಚಿಸಿ. ದೇವರಿಗೆ ಇಲ್ಲ ಎಂದಂತಾಯಿತಲ್ಲ ಎಂಬ ಅಳುಕು ಒಂದು ಕಡೆ. ಪಕ್ಕದಲ್ಲಿ ನಿಂತ ಗಿರಾಕಿ ಏನೆಂದುಕೊಂಡಾರು ಎಂಬ ಮುಜುಗರ ಇನ್ನೊಂದು ಕಡೆ. ಅಂಗಡಿಯವರು ಬೇರೆ ಧರ್ಮದವರಾಗಿದ್ದರೆ ಈ ಅಳುಕು ಇನ್ನೂ ಹೆಚ್ಚು. ಎರುಮೇಲಿಯಲ್ಲಿ ವಾವರ ಮಸೀದಿಗೆ ಹೋಗಿ ಬಂದು ಮುಂದೆ ನಡೆಯುವವರು ನಾವು. ಬೇರೆ ಧರ್ಮದ ಅಂಗಡಿಯವರು ಪ್ರೀತಿಯಿಂದ ಕೊಟ್ಟರೆ ತಲೆಬಾಗಿ ತೆಗೆದುಕೊಳ್ಳೋಣ. ಹೆದರಿ ಕೊಡುವ ಸ್ಥಿತಿ ಮಾತ್ರ ನಮ್ಮಿಂದ ಬರಬಾರದು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ದಾಕ್ಷಿಣ್ಯಕ್ಕೆ ಕೊಡುವುದೆಲ್ಲ ಕೆಟ್ಟದ್ದಲ್ಲ. ಮದುವೆಗೆ ಹೋಗುವುದು, ಸಾವಿನ ಮನೆಗೆ ಹೋಗುವುದು, ನೆರೆಯವರ ಮಗುವಿಗೆ ಉಡುಗೊರೆ ಕೊಡುವುದು, ಎಲ್ಲದರಲ್ಲೂ ಸ್ವಲ್ಪ ದಾಕ್ಷಿಣ್ಯ ಇದ್ದೇ ಇರುತ್ತದೆ. ಊರು ಬಿಟ್ಟು ಬಂದ ನಮ್ಮಂಥವರನ್ನು ಒಟ್ಟಿಗೆ ಹಿಡಿದಿರುವುದೂ ಅದೇ. ಆದರೆ ದಾಕ್ಷಿಣ್ಯ ಬೇರೆ, ಭಯ ಬೇರೆ. ಎರಡನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ. ಇವರು ಇಂದು ಇಲ್ಲ ಎಂದರೆ ನಾಳೆ ನಮ್ಮಿಂದ ಇವರಿಗೆ ಏನಾದರೂ ನಷ್ಟವಿದೆಯೇ? ವ್ಯಾಪಾರ ಕಡಿಮೆಯಾಗುತ್ತದೆಯೇ? ಗಲ್ಲಿಯಲ್ಲಿ ಹೆಸರು ಕೆಡುತ್ತದೆಯೇ? ಇವರ ಅಂಗಡಿ ಮುಂದೆಯೇ ಪೆಂಡಾಲು ಏಳುತ್ತದೆಯೇ? ಯಾವ ನಷ್ಟವೂ ಇಲ್ಲವೆಂದಾದರೆ ಅವರು ಕೊಟ್ಟದ್ದು ದಾನ. ನಷ್ಟವಿದೆ ಎಂದಾದರೆ ಕೊಟ್ಟವರು ಕೈಮುಗಿದು ಕೊಟ್ಟರೂ ಅದು ದಾನವಲ್ಲ.

ನಮ್ಮವರು ಇಲ್ಲ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. "ನಾಳೆ ಬನ್ನಿ ಸ್ವಾಮಿ" ಎನ್ನುತ್ತಾರೆ. "ಮಗ ಬಂದ ಮೇಲೆ ಕೇಳಿ ಹೇಳ್ತೀನಿ" ಎನ್ನುತ್ತಾರೆ. ಅದೇ ಅವರ ಇಲ್ಲ. ಹುಡುಗರು ಅದನ್ನು ಅಕ್ಷರಶಃ ಹಿಡಿದು ಮರುದಿನ ಹೋಗುತ್ತಾರೆ, ಅದರ ಮರುದಿನವೂ ಹೋಗುತ್ತಾರೆ. ಹಿಂದೆ ನಮ್ಮ ಊರುಗಳಲ್ಲಿ ದೆವ್ವ ಒಳಗೆ ಬರದಿರಲೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಂತೆ. ಮಾಲೆ ಹಾಕಿದವರು ಆ ಸ್ಥಾನಕ್ಕೆ ಇಳಿಯಬಾರದು ಸ್ವಾಮಿ. ಒಮ್ಮೆ "ನಾಳೆ ಬನ್ನಿ" ಎಂದವರಿಗೆ, "ಪರವಾಗಿಲ್ಲ ಅಣ್ಣ, ಆದಾಗ ನೋಡೋಣ. ಆ ದಿನ ಊಟಕ್ಕೆ ಮಾತ್ರ ತಪ್ಪದೆ ಬನ್ನಿ" ಎಂದು ಹೇಳಿ ಬಂದರೆ ಸಾಕು.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು: ಇಷ್ಟೆಲ್ಲ ಸೂಕ್ಷ್ಮ ನೋಡಿದರೆ ಹಣ ಕೂಡುವುದು ಹೇಗೆ? ಡಯಾಲಿಸಿಸ್ ಬೇಕಾದವರಿಗೆ ಆ ಹಣ ಖುಷಿಯಿಂದ ಬಂತೋ ಮುಲಾಜಿಗೆ ಬಂತೋ, ಏನು ವ್ಯತ್ಯಾಸ?

ಇದು ಹಗುರವಾದ ಪ್ರಶ್ನೆಯಲ್ಲ. ಪಡೆಯುವವರ ಮಟ್ಟಿಗೆ ನಿಜವಾಗಿಯೂ ವ್ಯತ್ಯಾಸವಿಲ್ಲ. ನೂರು ರೂಪಾಯಿಗೆ ನೂರು ರೂಪಾಯಿಯ ಔಷಧಿಯೇ ಬರುತ್ತದೆ. ಆದರೆ ಆ ನೂರು ಎಲ್ಲಿಂದ ಬಂತು ಎಂದು ನಮಗೆ ಗೊತ್ತಿಲ್ಲ. ಅಂಗಡಿಯವರ ಮಗಳ ಟ್ಯೂಷನ್ನಿಗೆ ಇಟ್ಟದ್ದಿರಬಹುದು, ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿಯಿರಬಹುದು. ನಮಗೆ ಕಾಣುವ ಮಗುವಿಗಾಗಿ ನಮಗೆ ಕಾಣದ ಮಗುವಿನಿಂದ ತೆಗೆದುಕೊಳ್ಳುವ ತೀರ್ಮಾನವನ್ನು ಅಂಗಡಿಯವರು ಮಾಡಬಹುದು, ಅದು ಅವರ ಹಣ. ಆ ತೀರ್ಮಾನವನ್ನು ಅವರ ಪರವಾಗಿ ನಾವು ಮಾಡಲಾಗದು. ನಮ್ಮ ಉದ್ದೇಶ ಎಷ್ಟೇ ಒಳ್ಳೆಯದಾದರೂ ಆ ಅಧಿಕಾರ ನಮಗೆ ಬರುವುದಿಲ್ಲ.

ಹಾಗಾದರೆ ಹಣ ಕಡಿಮೆ ಬಿದ್ದರೆ? ಬಿದ್ದಷ್ಟನ್ನು ನಮ್ಮ ವೈಭವದಿಂದ ಕಡಿತ ಮಾಡೋಣ. ಎರಡು ಪಾಯಸದ ಬದಲು ಒಂದು. ದೊಡ್ಡ ಧ್ವನಿವರ್ಧಕದ ಬದಲು ನಮ್ಮದೇ ಗಂಟಲಿನ ಭಜನೆ. ಹೂವಿನ ಅಲಂಕಾರದಲ್ಲಿ ಅರ್ಧ. ಮಗುವಿನ ಫೀಸು ಮಾತ್ರ ಪಟ್ಟಿಯ ಮೇಲೆಯೇ ಇರಲಿ. ಎಷ್ಟೋ ಸಲ ಅಂಗಡಿಯವರ ಮೇಲೆ ಒತ್ತಡ ಹಾಕುವುದು ಮಗುವಿನ ಹೆಸರಿನಲ್ಲಿ, ಖರ್ಚಾಗುವುದು ಪೆಂಡಾಲಿಗೆ. ಅದನ್ನು ಮೊದಲು ಸರಿಮಾಡಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇನ್ನು ಬ್ಯಾನರ್ ವಿಷಯ. ಮಿಠಾಯಿ ಅಂಗಡಿಯವರು 5,001 ಕೊಟ್ಟು ಬ್ಯಾನರಿನಲ್ಲಿ ಹೆಸರು ಹಾಕಿ ಎನ್ನುತ್ತಾರೆ. ಭಗವದ್ಗೀತೆಯ 17ನೇ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ಪ್ರತಿಫಲ ನೋಡಿ ಕೊಡುವುದನ್ನು ರಾಜಸ ಎನ್ನುತ್ತದೆ. ಹಾಗೆಂದು ಮಿಠಾಯಿ ಅಂಗಡಿಯವರನ್ನು ಹೀಗಳೆಯಬೇಕಿಲ್ಲ. ಹಣ ಕೊಟ್ಟರು, ಜಾಗ ಕೇಳಿದರು, ಮುಚ್ಚುಮರೆ ಇಲ್ಲದ ವ್ಯವಹಾರ. ಲೆಕ್ಕದಲ್ಲಿ ಅದನ್ನು ಜಾಹೀರಾತು ಎಂದೇ ಬರೆದುಕೊಳ್ಳೋಣ. ತೊಂದರೆ ಬರುವುದು ಬ್ಯಾನರಿನ ಜೊತೆ ಮಾತಿನ ಅಧಿಕಾರವೂ ಹೋದಾಗ. ಮೊದಲ ಆರತಿ ಅವರಿಗೆ, ಫೀಸು ಅವರು ಹೇಳಿದ ಮಗುವಿಗೆ ಎಂದಾದಾಗ. ಒಬ್ಬರೇ 10,000 ಕೊಡುವುದೂ ನೂರು ಜನ ನೂರು ನೂರು ಕೊಡುವುದೂ ಮೊತ್ತದಲ್ಲಿ ಒಂದೇ. ಆದರೆ ನೂರು ಜನ ಕೊಟ್ಟಾಗ ತಂಡ ಯಾರ ಕೈಗೂ ಸಿಕ್ಕಿಬೀಳುವುದಿಲ್ಲ. ಇರುಮುಡಿ ಕಟ್ಟುವಾಗ ಮನೆಯವರು, ನೆರೆಯವರು ಒಬ್ಬೊಬ್ಬರಾಗಿ ಬಂದು ಹಿಡಿ ಅಕ್ಕಿ ಹಾಕುತ್ತಾರಲ್ಲ. ಯಾರ ಅಕ್ಕಿ ಯಾವುದು ಎಂದು ಶಬರಿಮಲೆಯಲ್ಲಿ ಯಾರೂ ಕೇಳುವುದಿಲ್ಲ. ಸಣ್ಣ ಅಂಗಡಿಗಳ ಸಣ್ಣ ಮೊತ್ತಕ್ಕೆ ಅಂಥ ಗುಣವಿದೆ.

ಕೇಳುವವರ ಮೇಲೆ ಇನ್ನೊಂದು ಹೊಣೆ ಇದೆ: ಬೇಕಾದಷ್ಟೇ ಕೇಳುವುದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ ಬಿದ್ದ ಅಕ್ಕಿಯನ್ನು ಆರಿಸಿ ತಂದು ದಾಸೋಹ ಮಾಡುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬರುವಂತೆ ಹೇಳಿದಳು. ಆ ಅಕ್ಕಿಯೂ ದಾಸೋಹಕ್ಕೇ ಹೋಗುತ್ತಿತ್ತು, ಸ್ವಂತಕ್ಕಲ್ಲ. ಆದರೂ ಬೇಡ ಎಂದಳು. ಒಳ್ಳೆಯ ಕೆಲಸದ ನೆಪದಲ್ಲಿಯೂ ಆಸೆ ಒಳಗೆ ಬರಬಹುದು ಎಂದು ಆಕೆಗೆ ಗೊತ್ತಿತ್ತು. ಕಳೆದ ವರ್ಷಕ್ಕಿಂತ ಈ ವರ್ಷ ಹೆಚ್ಚು, ಪಕ್ಕದ ಏರಿಯಾದ ತಂಡಕ್ಕಿಂತ ಹೆಚ್ಚು ಎಂದು ನಾವು ಗುರಿ ಇಟ್ಟುಕೊಳ್ಳುವಾಗ ಲಕ್ಕಮ್ಮನನ್ನು ನೆನೆಯುವುದು ಒಳ್ಳೆಯದು.

ಕಾನೂನನ್ನೂ ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಸಿ ಕಲಮಿನಂತೆ, ನೋಂದಣಿ ಇಲ್ಲದ ಮಂಡಳಿಗಳು ಧಾರ್ಮಿಕ ಅಥವಾ ಧರ್ಮಾರ್ಥ ಕೆಲಸಕ್ಕೆ ಜನರಿಂದ ಹಣ ಎತ್ತುವಾಗ ಚಾರಿಟಿ ಕಮಿಷನರ್ ಕಚೇರಿಯ ಅನುಮತಿ ಪಡೆಯಬೇಕು. ಗಣೇಶ ಮಂಡಳಿಗಳು ಪ್ರತಿವರ್ಷ ಅದನ್ನೇ ಮಾಡುವುದು. ಹಾಗೆಯೇ, 80ಜಿ ಮಾನ್ಯತೆ ಇಲ್ಲದ ತಂಡದ ರಸೀದಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಮಾನ್ಯತೆ ಇದ್ದರೂ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ. "ಟ್ಯಾಕ್ಸಲ್ಲಿ ಬರುತ್ತೆ ಶೆಟ್ರೇ" ಎಂದು ಸುಮ್ಮನೆ ಹೇಳಿ ರಸೀದಿ ಹರಿಯುವುದು ವ್ರತದಲ್ಲಿದ್ದುಕೊಂಡು ಸುಳ್ಳು ಹೇಳಿದಂತೆ.

ಲೆಕ್ಕ ಒಪ್ಪಿಸುವಾಗಲೂ ಒಂದು ವಿವೇಕ ಬೇಕು. ಗ್ರೂಪಿನಲ್ಲಿ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಹಾಕಿದರೆ 101 ಕೊಟ್ಟವರು ತಲೆತಗ್ಗಿಸುತ್ತಾರೆ, ಮುಂದಿನ ವರ್ಷ ಇಷ್ಟವಿಲ್ಲದೆ 501 ಮಾಡುತ್ತಾರೆ. ನಾವು ಉತ್ತರ ಕೊಡಬೇಕಾದದ್ದು ಖರ್ಚಿಗೆ. ಅಕ್ಕಿಗೆ ಎಷ್ಟು, ಫೀಸಿಗೆ ಎಷ್ಟು, ಉಳಿದದ್ದು ಎಷ್ಟು, ಇದು ಎಲ್ಲರಿಗೂ ಕಾಣಲಿ. ಒಟ್ಟು ಜಮೆಯೂ ಕಾಣಲಿ. ಯಾರು ಎಷ್ಟು ಕೊಟ್ಟರು ಎಂಬುದು ಅವರವರ ರಸೀದಿಯಲ್ಲಿದ್ದರೆ ಸಾಕು. ಹಣವಿಲ್ಲದವರಿಗೆ ಬೇರೆ ಬಾಗಿಲೂ ತೆರೆದಿರಲಿ. ಕಿರಾಣಿಯವರು ಐದು ಕಿಲೋ ಬೇಳೆಯನ್ನು ಅಸಲಿಗೇ ಕೊಡಬಹುದು, ಎಲೆಕ್ಟ್ರಿಷಿಯನ್ ಒಂದು ಸಂಜೆ ದೀಪ ಕಟ್ಟಿಕೊಡಬಹುದು, ಟೆಂಪೊದವರು ಪಾತ್ರೆ ತಂದುಕೊಡಬಹುದು, ಹೋಟೆಲಿನವರು ಗಲ್ಲೆಯ ಮೇಲೆ ಡಬ್ಬಿ ಇಡಲು ಜಾಗ ಕೊಡಬಹುದು. ಇವೆಲ್ಲ ನಗದಿಗಿಂತ ಕಡಿಮೆಯಲ್ಲ.

ಹದಿನೆಂಟು ಮೆಟ್ಟಿಲೇರಿ ಸನ್ನಿಧಾನದಲ್ಲಿ ತಲೆಯೆತ್ತಿದಾಗ ನಮ್ಮ ಕಣ್ಣಿಗೆ ಬೀಳುವ ಮಾತು ತತ್ತ್ವಮಸಿ, ಅದು ನೀನೇ. ಅದನ್ನು ಅಲ್ಲಿ ಓದುವ ಮೊದಲು ಇಲ್ಲಿ, ಕಿರಾಣಿ ಅಂಗಡಿಯ ಮುಂದೆ ಅಭ್ಯಾಸ ಮಾಡಬೇಕಾಗುತ್ತದೆ. ಗಲ್ಲೆಯ ಹಿಂದೆ ಕೂತವರೂ ಸ್ವಾಮಿಯೇ. ಅವರಿಗೆ ಕೊಡುವ ಸ್ವಾತಂತ್ರ್ಯ ಎಷ್ಟಿದೆಯೋ ಕೊಡದಿರುವ ಸ್ವಾತಂತ್ರ್ಯವೂ ಅಷ್ಟೇ ಇರಬೇಕು.

ಈ ವಾರ ಸುತ್ತಿಗೆ ಹೊರಡುವ ತಂಡಗಳು ಒಂದಿಷ್ಟು ಮಾಡಿ ನೋಡಿ. ಒಂದು ಅಂಗಡಿಗೆ ಇಬ್ಬರೇ ಹೋಗಿ. ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋಗಿ. ಯಾವ ಕೆಲಸಕ್ಕೆ, ಒಟ್ಟು ಎಷ್ಟು ಬೇಕು ಎಂದು ಮೊದಲೇ ಹೇಳಿ, ಅವರು ಕೊಡಬೇಕಾದ ಮೊತ್ತವನ್ನು ನೀವು ಹೇಳಬೇಡಿ. ಕೊಟ್ಟವರಿಗೂ ಕೊಡದವರಿಗೂ ಅನ್ನದಾನದ ದಿನ ಒಂದೇ ರೀತಿ ಕರೆ ಕೊಡಿ. ಬಡಿಸುವಾಗ ಇಬ್ಬರ ಎಲೆಗೂ ಒಂದೇ ಸೌಟು ಇರಲಿ.

ಸ್ವಾಮಿ ಶರಣಂ.