ತಲೆಯೊಳಗಿನ ಸಂಗಮ

ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುವಲ್ಲಿ ಗೆರೆ ಎಂಬುದಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರು ಹರಡಿ ನಿಂತ ದಿನಗಳಲ್ಲಂತೂ ಯಾವುದು ಯಾವ ಹೊಳೆಯ ನೀರೆಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ, ಎಲ್ಲವೂ ಒಂದೇ ಬೂದುನೀಲಿಯಾಗಿ ಬಿಸಿಲಿನಡಿ ಉಸಿರಾಡುತ್ತಿರುತ್ತದೆ. ಬಸವಣ್ಣನ ಐಕ್ಯಮಂಟಪಕ್ಕೆ ಮೆಟ್ಟಿಲಿಳಿಯುತ್ತ ಹೋದಂತೆ ಮೇಲಿನ ಮಾತುಗಳು ದೂರವಾಗುತ್ತವೆ, ಗೋಡೆಯಾಚೆಯ ನೀರಿನ ತಂಪು ಮೈಗೆ ತಾಕುತ್ತದೆ, ಇಳಿಯುವವರ ದನಿ ತಾನಾಗಿ ತಗ್ಗುತ್ತದೆ.

ಇಂಥದೊಂದು ಸಂಗಮ ನಮ್ಮೆಲ್ಲರ ತಲೆಯ ಹಿಂಬದಿಯಲ್ಲೂ ಇದೆ. ಹಣೆಯ ಕಡೆಯಿಂದ ನೆತ್ತಿಯ ನಡುಗೆರೆಯಡಿಯಲ್ಲಿ ಹಿಂದಕ್ಕೆ ಹರಿದು ಬರುವ ದೊಡ್ಡ ರಕ್ತನಾಳವೊಂದು, ಮಿದುಳಿನ ಆಳದ ನೆತ್ತರನ್ನು ಹೊತ್ತು ಬರುವ ಇನ್ನೊಂದು, ಎರಡೂ ಅಲ್ಲಿ ಕೂಡಿ, ಮತ್ತೆ ಎಡಬಲಕ್ಕೆ ಕವಲೊಡೆದು, ಕಿವಿಯ ಹಿಂದೆ ಬಳಸಿಕೊಂಡು ಕೊರಳಿಗಿಳಿಯುತ್ತವೆ. ಕೂಸು ಮೊದಲ ಬಾರಿಗೆ ‘ಯವ್ವಾ’ ಅಂದಾಗ, ಆ ಒಂದು ಮಾತಿಗಾಗಿ ದುಡಿದು ದಣಿದ ರಕ್ತವೂ ಸದ್ದಿಲ್ಲದೆ ಈ ದಾರಿಯಲ್ಲೇ ಎದೆಗೆ ಮರಳಿರುತ್ತದೆ.

ಆ ದಾರಿಯಲ್ಲಿ ಒಮ್ಮೊಮ್ಮೆ ರಕ್ತ ಹೆಪ್ಪುಗಟ್ಟುತ್ತದೆ. ಬಾಗಲಕೋಟೆಯ ಬಿರುಬೇಸಿಗೆಯಲ್ಲಿ ವಾಂತಿಭೇದಿಯಾಗಿ ನೀರಾರಿದ ಪುಟ್ಟ ಮೈ, ಸೋರುವ ಕಿವಿಯಿಂದ ಹಿಂದಿನ ಎಲುಬಿಗೆ ಹಬ್ಬಿದ ಸೋಂಕು, ಕಬ್ಬಿಣಾಂಶವಿಲ್ಲದೆ ಬಿಳಿಚಿದ ನೆತ್ತರು: ಕಾರಣಗಳು ನಮ್ಮ ಅಂಗಳದಲ್ಲೇ ಓಡಾಡುವಂಥವು. ಆದರೂ ಅಪರೂಪ. ಕೆನಡಾದ ವೈದ್ಯರು 160 ಮಕ್ಕಳನ್ನು ಗಮನಿಸಿ 2001ರಲ್ಲಿ ಬರೆದ ಲೆಕ್ಕದಂತೆ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ 0.67, ಅಂದರೆ ಒಂದು ಮಗುವೂ ಅಲ್ಲ. ಆ 160ರಲ್ಲಿ ಅರ್ಧಕ್ಕೆ ಸಮೀಪದಷ್ಟು ಹಸುಗೂಸುಗಳೇ ಇದ್ದವು. ಇನ್ನು ಕೆಲವು ಮಕ್ಕಳಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೇ ಹೆಪ್ಪು ಅಡ್ಡ ಬರುತ್ತದೆ. ಹೆಪ್ಪು ಬೆಳೆಯದಂತೆ ಎಷ್ಟೋ ಸಲ ಹೆಪಾರಿನ್ ಕೊಡುತ್ತಾರೆ. ಆಮೇಲೆ ಮೈ ತನ್ನ ಕೆಲಸಕ್ಕಿಳಿಯುತ್ತದೆ. ಮುಚ್ಚಿದ ನಾಳವನ್ನು ಒಳಗಿಂದೊಳಗೇ ತುಸುತುಸುವಾಗಿ ತೆರೆಯುತ್ತದೆ, ನೆರೆಯ ಸಣ್ಣ ನಾಳಗಳನ್ನು ಹಿಗ್ಗಿಸಿ ಬಳಸುದಾರಿ ಮಾಡಿಕೊಳ್ಳುತ್ತದೆ. ಎಲ್ಲ ಮಕ್ಕಳಲ್ಲೂ ಪೂರಾ ಆಗುವುದಿಲ್ಲ. ಆದಷ್ಟಾದರೂ ಹೇಗೆ ಆಗುತ್ತದೆ ಎಂಬುದರ ಮುಂದೆ ನಾನು ಸುಮ್ಮನೆ ಕೂತುಬಿಡುತ್ತೇನೆ.

ಅದಕ್ಕಿಂತ ಬೆರಗಿನದು ಮಾತಿನ ವಲಸೆ. ಬಹುಪಾಲು ಜನರಲ್ಲಿ ಮಾತಿನ ಮನೆ ಎಡಮಿದುಳು. ಹುಟ್ಟಿನ ಆಸುಪಾಸಿನಲ್ಲೇ ಇಂಥ ಹೆಪ್ಪಿನಿಂದ ಅಲ್ಲಿಗೆ ಪೆಟ್ಟು ಬಿದ್ದರೆ, ಕೆಲವು ಮಕ್ಕಳಲ್ಲಿ ಮಾತು ಗಂಟುಮೂಟೆ ಕಟ್ಟಿಕೊಂಡು ಬಲಗಡೆಗೆ ಹೋಗಿ ನೆಲೆಸುತ್ತದೆ. ದೊಡ್ಡವರಲ್ಲಿ ಹಾಗೆ ಆಗುವುದು ಕಷ್ಟ. ಕೂಸು ಮಾತ್ರ, ಏನೂ ಆಗಿಲ್ಲವೆಂಬಂತೆ, ತುಸು ತಡವಾಗಿ ತೊದಲುತ್ತದೆ, ಮುಂದೆ ಕತೆ ಹೇಳುತ್ತದೆ, ಜಗಳವಾಡುತ್ತದೆ. ಆದರೆ ಬಲಗಡೆಯ ಆ ಮನೆಯಲ್ಲಿ ಮೊದಲೇ ಒಂದು ಸಂಸಾರವಿತ್ತಲ್ಲ: ಆಕಾರ, ದೂರ, ಯಾವುದು ಎಲ್ಲಿದೆ ಎಂಬ ಅರಿವು. ಅದೀಗ ಒತ್ತಿ ಕೂರಬೇಕು. ಬಾದಾಮಿಯ ಕೆಂಪುಕಲ್ಲಿನಲ್ಲಿ ಯಾವನೋ ಚಾಲುಕ್ಯ ಶಿಲ್ಪಿ ಆನೆಗೂ ಎತ್ತಿಗೂ ಸೇರಿ ಒಂದೇ ತಲೆ ಕಡೆದಿದ್ದಾನೆ. ಒಂದು ಬದಿ ಕೈಯಿಂದ ಮರೆಮಾಡಿದರೆ ಆನೆ, ಇನ್ನೊಂದು ಬದಿ ಮರೆಮಾಡಿದರೆ ಎತ್ತು. ಎರಡೂ ಜೀವಕ್ಕೆ ಆ ತಲೆ ಸಾಲುತ್ತದೆ, ಆದರೆ ಇಕ್ಕಟ್ಟಾಗಿ. ಹೀಗೆ ಒಂದೇ ಬದಿಯಲ್ಲಿ ಎರಡು ಬಾಳು ಹೂಡಿದ ಮಗು ಚಂದ ಮಾತಾಡುತ್ತ ಮಾತಾಡುತ್ತಲೇ ನಕಾಶೆಯೆದುರು ತಬ್ಬಿಬ್ಬಾಗಬಹುದು.

ಇದು ಬೇಗ ಕಾಣುವುದೂ ಇಲ್ಲ. ಮೂರನೆಯ ವರ್ಷದಲ್ಲಿ ಓಡಾಡುವ ಮಗುವನ್ನು ಕಂಡು ಮನೆಯವರು ಗಂಡಾಂತರ ಕಳೆಯಿತೆಂದು ಕೈಮುಗಿಯುತ್ತಾರೆ, ಸರಿಯೇ. ನಾಲ್ಕನೆಯ ಐದನೆಯ ಇಯತ್ತೆಗೆ ಬಂದಾಗ, ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದನ್ನು ಮಾಡಬೇಕಾದ ಲೆಕ್ಕಗಳು ಎದುರಾದಾಗ, ಎಂದೋ ಬಿದ್ದ ಪೆಟ್ಟು ಆಗ ಬಾಯಿಬಿಡುತ್ತದೆ. ಬುದ್ಧಿ ಅಳೆದರೆ ಎಷ್ಟೋ ಸಲ ಸರಾಸರಿಯೇ. ಲಕ್ಷ್ಯ ನಿಲ್ಲುವುದಿಲ್ಲ, ಹೇಳಿದ್ದು ಒಳಗಿಳಿಯಲು ಹೊತ್ತು ಹಿಡಿಯುತ್ತದೆ. “ಹುಡುಗ ಶಾಣ್ಯಾ ಅದಾನ್ರೀ, ಲಕ್ಷ್ಯ ಕೊಡಂಗಿಲ್ಲ ನೋಡ್ರಿ” ಎನ್ನುತ್ತಾರೆ ಮಾಸ್ತರರು. ತೊಟ್ಟಿಲಲ್ಲಿದ್ದಾಗಿನ ಜ್ವರಕ್ಕೂ ಈ ಮಾತಿಗೂ ನಂಟಿರಬಹುದೆಂದು ಯಾರಿಗೆ ತಾನೆ ಹೊಳೆದೀತು? ಹಣೆಯ ಹಿಂದಿನ ಮಿದುಳಾದರೋ ಇಪ್ಪತ್ತು ದಾಟಿದ ಮೇಲೂ ಮಾಗುತ್ತಲೇ ಇರುತ್ತದೆ. ಹತ್ತು ವರ್ಷದ ಹುಡುಗನ ಮೇಲೆ ‘ದಡ್ಡ’ ಎಂಬ ಷರಾ ಬರೆಯುವವರ ಅವಸರ ನನಗೆ ಅರ್ಥವಾಗುವುದಿಲ್ಲ.

ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ ಅಂಥ ಹುಡುಗನಿದ್ದಾನೆಂದುಕೊಳ್ಳಿ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಹೊತ್ತೇರುವ ಮುನ್ನವೇ ಲಾಳಿಯ ಸದ್ದು. ಇಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕಪ್ಪು ಹತ್ತಿಯ ಎಳೆಗೆ ಕೆಂಪು ರೇಷ್ಮೆಯ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು, ಆಮೇಲೆ ಸೆರಗಿನ ಮಾತು. ಅಜ್ಜಿಯ ಪಕ್ಕ ಕೂತ ಹುಡುಗ ಎಳೆ ಎಣಿಸುತ್ತಿದ್ದಾನೆ, ತುಟಿ ಅಲುಗುತ್ತಿವೆ, ಕಿಟಕಿಯ ಬೆಳಕು ಬೆರಳ ಮೇಲಿಂದ ನೂಲಿಗೆ, ನೂಲಿನಿಂದ ನೆಲಕ್ಕೆ ಜಾರುತ್ತಿದೆ. ಹೊರಗಿನಿಂದ ಯಾರೋ “ಎಷ್ಟಾದ್ವೋ?” ಎಂದು ಕೂಗುತ್ತಾರೆ, ಎಣಿಕೆ ತಪ್ಪುತ್ತದೆ. ಹುಡುಗ ಮತ್ತೆ ಮೊದಲ ಎಳೆಗೆ ಬರುತ್ತಾನೆ. “ನಡಬರಕ ಕೇಳಬ್ಯಾಡ್ರಿ, ಎಣಸಾಕತ್ತಾನ,” ಎನ್ನುತ್ತಾಳೆ ಅಜ್ಜಿ. ಸಂಜೆ ಗಣಿತದ ಪುಸ್ತಕ ಬಿಚ್ಚಿದಾಗ ಈ ಕಟ್ಟಳೆ ಮನೆಯವರಿಗೆ ನೆನಪಿರುತ್ತದೆಯೋ ಇಲ್ಲವೋ, ಅದು ಬೇರೆ ಮಾತು.