ತಟ್ಟೆಯ ಅಹಿಂಸೆ, ಬಟ್ಟಲಿನ ಪ್ರಮಾದ

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ಶ್ರಾವಕ ತರುಣನೊಬ್ಬನು, ಹಾಲು-ತುಪ್ಪಗಳನ್ನೂ ತ್ಯಜಿಸಿದ ಗೆಳೆಯರ ಔತಣಕ್ಕೆ ಹೋದನು. ಯಾವ ಪಲ್ಯಕ್ಕೆ ಯಾವ ದ್ರಾಕ್ಷಾಮದ್ಯ ಹೊಂದೀತೆಂಬ ಚರ್ಚೆ ನಡೆದಿತ್ತು. "ಇದು ಹಣ್ಣಿನ ರಸವಷ್ಟೆ, ಇದರಲ್ಲಿ ಹಿಂಸೆಯೆಲ್ಲಿ?" ಎಂಬುದು ಅವರ ವಾದ.

ವಾದವು ಪೂರ್ಣ ಸತ್ಯವಲ್ಲ. ಮದ್ಯವನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದ ಅಂಟು ಇವುಗಳನ್ನು ಬಳಸುವುದುಂಟು. ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಬಳಸಿದರೆ ಆ ದೋಷವಿಲ್ಲ.

ಆದರೆ ಶ್ರಾವಕನ ಲೆಕ್ಕವು ಅಲ್ಲಿಗೆ ಮುಗಿಯದು. ಸಮಂತಭದ್ರಾಚಾರ್ಯರು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ಕಾರಣವನ್ನಿತ್ತರು: ಮದ್ಯವು ಬಹುಜೀವಗಳ ಉತ್ಪತ್ತಿಸ್ಥಾನ, ಅದರಿಂದ ಮೋಹಗೊಂಡ ಮನಸ್ಸು ಧರ್ಮವನ್ನು ಮರೆತು ನಿಶ್ಶಂಕೆಯಿಂದ ಹಿಂಸೆಗಿಳಿಯುತ್ತದೆ. ಜೇಡಿಮಣ್ಣಿನಿಂದ ತಿಳಿಯಾಗುವುದು ಮದ್ಯ, ಕುಡಿದವನ ಮನಸ್ಸಲ್ಲ.

ಹಾಗೆಂದು ಆ ಗೆಳೆಯರನ್ನು ಹಳಿಯಲಾಗದು. ಕರುವಿನ ಪಾಲಿನ ಹಾಲನ್ನು ಅವರು ಬಿಟ್ಟಿದ್ದಾರೆ. ಶ್ರಾವಕರ ಮನೆಗಳಲ್ಲಿ ಆ ಪ್ರಶ್ನೆ ಏಳುವುದೇ ಅಪರೂಪ. ತರುಣನು ಬಟ್ಟಲನ್ನು ವಿನಯದಿಂದ ನಿರಾಕರಿಸಿದನು. ಹಾಲಿನ ಪ್ರಶ್ನೆಯನ್ನು ಮನೆಗೆ ತಂದನು. ಪರರ ಖಾತೆಯ ದೋಷವನ್ನು ಕಂಡವನು ತನ್ನ ಖಾತೆಯನ್ನೂ ತೆರೆಯುವುದೇ ನ್ಯಾಯ.